ತೆಂಗಿನ ಚಿಪ್ಪಿನಲ್ಲಿ ಬಿತ್ತಿದ ಭತ್ತ

ನಮ್ಮ ಬೀದಿಯಲ್ಲಿ ಕ್ರಿಸ್‌ಮಸ್ ಹಬ್ಬ ಇರುವುದು ಒಂದೇ ಮನೆಗೆ. ಕ್ರಿಸ್‌ಮಸ್ಸಿಗೆಂದು ನನ್ನ ಅಂಗಡಿಯಲ್ಲಿ ಏನನ್ನೂ ಕೊಳ್ಳದವರೂ ಆ ಮನೆಯವರೇ. ಮಿಕ್ಕಂತೆ ಡಿಸೆಂಬರ್ ಬಂತೆಂದರೆ ಶಿಕಾರಿಪುರದ ಅರ್ಧ ಊರು ನನ್ನ ಫ್ಯಾನ್ಸಿ ಸ್ಟೋರಿನಲ್ಲಿರುತ್ತದೆ. ಹಣೆ ತುಂಬ ವಿಭೂತಿ ಹಚ್ಚಿದ ಅಜ್ಜಂದಿರು ಮೊಮ್ಮಕ್ಕಳಿಗೆ ಕೆಂಪು ಟೋಪಿ, ಹತ್ತಿಯ ಗಡ್ಡ ಕೇಳುತ್ತಾರೆ. ಶಾಲೆಯಲ್ಲಿ ಹೇಳಿ ಕಳಿಸಿದ್ದಾರಂತೆ. ಆನವಟ್ಟಿ ಕಡೆಯಿಂದ ಬೈಕಿನಲ್ಲಿ ಬಂದವರು ಮಿಣುಕುವ ನಕ್ಷತ್ರ ಒಯ್ಯುತ್ತಾರೆ. ಯಾರ ಹಬ್ಬ, ಏನು ಕಥೆ ಎಂದು ಯಾರೂ ಕೇಳುವುದಿಲ್ಲ. ನಾನೂ ಹೇಳಲು ಹೋಗುವುದಿಲ್ಲ. ಗೌರಿ ಹಬ್ಬಕ್ಕೆ ಬಳೆ ಮಾರಿದ ಕೈಯಲ್ಲೇ ಇದನ್ನೂ ಮಾರುತ್ತೇನೆ.

ಆ ಮನೆ ನಮ್ಮ ಎದುರಿಗೇ ಇದೆ. ಮನೆಯೊಡತಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು; ಬೀದಿಗೆಲ್ಲ ಅವರು ಸಿಸ್ಟರಮ್ಮ. ಅವರ ಯಜಮಾನರು ಬಡಗಿ. ಯೇಸು ಹುಟ್ಟಿದ ಕೊಟ್ಟಿಗೆಯನ್ನು, ಅವರು ಗೋದಲಿ ಎನ್ನುತ್ತಾರೆ, ಪ್ರತಿವರ್ಷ ಜಗಲಿಯ ಮೇಲೆ ತಾವೇ ಕಟ್ಟುತ್ತಿದ್ದರು. ಅದರ ಮುಂದಿನ ಹಸಿರಿಗಾಗಿ ತಿಂಗಳ ಮೊದಲಲ್ಲೇ ನಮ್ಮ ಅತ್ತೆಯ ಹತ್ತಿರ ಭತ್ತ ಕೇಳಲು ಬರುತ್ತಿದ್ದರು. ಬಿತ್ತುವ ಬೀಜವನ್ನು ಬರಿಗೈಯಲ್ಲಿ ಕೊಡಬಾರದೆಂದು ಅತ್ತೆ ಮೊರದಲ್ಲಿಟ್ಟು ಕೊಡುತ್ತಿದ್ದರು. ತೆಂಗಿನ ಚಿಪ್ಪುಗಳಲ್ಲಿ ಬಿತ್ತಿದ್ದು ಹಬ್ಬದ ಹೊತ್ತಿಗೆ ಗೇಣುದ್ದ ಬರುತ್ತಿತ್ತು. ಹಬ್ಬ ಮುಗಿದ ಮೇಲೆ ಆ ಹಸಿರು ನಮ್ಮ ಹಸುವಿಗೆ. ಒಂದು ನಕ್ಷತ್ರವನ್ನಾದರೂ ಕೊಳ್ಳಿ ಎಂದು ನಾನು ಛೇಡಿಸಿದರೆ, ತಾವೇ ಕಟ್ಟಿದ ಬಿದಿರುಕಡ್ಡಿಯ ನಕ್ಷತ್ರ ತೋರಿಸಿ ನಕ್ಕುಬಿಡುತ್ತಿದ್ದರು.

ಕಳೆದ ದೀಪಾವಳಿ ಮುಗಿದು ಕೆಲವು ದಿನಕ್ಕೆ ಆ ಯಜಮಾನರು ತೀರಿಕೊಂಡರು. ಡಿಸೆಂಬರ್ ಬಂದರೂ ಸಿಸ್ಟರಮ್ಮ ಭತ್ತ ಕೇಳಲು ಬರಲಿಲ್ಲ. ಗಂಡ ಹೋದನೆಂದು ಆ ಮನೆಯ ಹಬ್ಬವೂ ಹೋಗಬಾರದು ಎಂದು ಅತ್ತೆಯೇ ಮೊರ ಹಿಡಿದು ಬೀದಿ ದಾಟಿದರು. ಗಂಡ ಮಾಡುತ್ತಿದ್ದಂತೆ ಸಿಸ್ಟರಮ್ಮ ಮಣ್ಣು ತುಂಬಿ ಬಿತ್ತಿದರು. ದಿನ ಬೆಳಗಾದರೆ ಚಿಪ್ಪುಗಳ ಮುಂದೆ ಕೂತು ನೀರು ಚಿಮುಕಿಸುವುದು ನನ್ನ ಅಂಗಡಿಗೇ ಕಾಣುತ್ತಿತ್ತು.

ಹಬ್ಬಕ್ಕೆ ನಾಲ್ಕು ದಿನವಿದೆ ಎನ್ನುವಾಗ ಅವರು ಅಂಗಡಿಗೆ ಬಂದರು. ಸುರುಳಿ ಸುತ್ತಿಟ್ಟಿದ್ದ ಪ್ಲಾಸ್ಟಿಕ್ ಹುಲ್ಲನ್ನು ಬೆರಳಲ್ಲಿ ಮುಟ್ಟಿ, ಒಂದು ಗಜ ಕತ್ತರಿಸಿಕೊಡು ಎಂದರು. ಇಷ್ಟು ವರ್ಷ ಬರಲಿ ಎಂದು ಕಾದಿದ್ದ ಗಿರಾಕಿ ಬಂದಾಗ ನನಗೆ ಕತ್ತರಿ ಎತ್ತಿಕೊಳ್ಳಲಾಗಲಿಲ್ಲ.

“ಒಂದ್ ಮೊಳಕೆನೂ ಬರ್ಲಿಲ್ಲವ್ವ. ಅವ್ರ ಕೈಗುಣ ಬ್ಯಾರೆ. ನನ್ನ ಕೈಯಾಗ ಈ ಹಬ್ಬ ಉಳಿಯಂಗ ಕಾಣ್ಸಲ್ಲ.”

ನಾನು ಅಂಗಡಿಯನ್ನು ಹಾಗೇ ಬಿಟ್ಟು ಅವರ ಹಿಂದೆ ನಡೆದೆ. ಒಂದು ಚಿಪ್ಪಿನ ಮಣ್ಣು ಕೆದಕಿ ಕಾಳೊಂದನ್ನು ಉಗುರಿನಿಂದ ಸುಲಿದೆ. ಅಕ್ಕಿ ಬೆಂದಿತ್ತು. ನಮ್ಮದು ಮಂಡಕ್ಕಿ ಭಟ್ಟಿಯ ಮನೆ. ಮಂಡಕ್ಕಿಗೆಂದು ಬೇಯಿಸಿ ಒಣಗಿಸಿದ ಭತ್ತದ ಚೀಲ ಬೀಜದ ಚೀಲದ ಪಕ್ಕದಲ್ಲೇ ಇರುತ್ತದೆ. ಪೊರೆ ಬಂದ ಕಣ್ಣಿನ ಅತ್ತೆ ತಪ್ಪಿ ಬೆಂದ ಭತ್ತದ ಚೀಲಕ್ಕೆ ಕೈ ಹಾಕಿದ್ದರು.

ಹೇಳದೇ ಇರಬಹುದಿತ್ತು. ಆದರೆ ಸಿಸ್ಟರಮ್ಮ ತಮ್ಮ ಕೈಯನ್ನೇ ದೂರಿಕೊಂಡು ಉಳಿದ ಆಯುಷ್ಯ ಕಳೆಯುವುದನ್ನು ನನಗೆ ನೋಡಲಾಗುತ್ತಿರಲಿಲ್ಲ. ಅಲ್ಲೇ ಹೇಳಿದೆ. ಮನೆಗೆ ಬಂದು ಅತ್ತೆಗೂ ಹೇಳಿದೆ. ಅತ್ತೆ ಆ ಮಧ್ಯಾಹ್ನ ಎಲೆಯ ಮುಂದೆ ಕೂರಲಿಲ್ಲ.

“ಸಾವಾದ ಮನಿಗೆ ಬೆಂದ ಬೀಜ ಕೊಟ್ನಲ್ಲೇ,” ಎಂದರು.

ಆಮೇಲೆ ಎದ್ದು, ಅಂಜನಾಪುರದ ನಮ್ಮ ಗದ್ದೆಗೆಂದು ತೆಗೆದಿಟ್ಟ ಬೀಜದ ಭತ್ತವನ್ನು ನನ್ನ ಕೈಯಲ್ಲೇ ತೆಗೆಸಿದರು. ನೆನೆಹಾಕಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಹುಲ್ಲಿನೊಳಗೆ ಬೆಚ್ಚಗೆ ಮುಚ್ಚಿಟ್ಟರು. ಮೂತಿ ಒಡೆದ ಕಾಳನ್ನು ಮೊರದಲ್ಲಿ ಹರಡಿಕೊಂಡು ಮತ್ತೆ ಬೀದಿ ದಾಟಿದರು. ಸಿಸ್ಟರಮ್ಮನೇ ಬಿತ್ತಬೇಕೆಂದು ಹಟ ಹಿಡಿದರು. ತಾವು ಪಕ್ಕದಲ್ಲಿ ಮೊರ ಹಿಡಿದು ಕೂತರು.

ಹಬ್ಬದ ಬೆಳಿಗ್ಗೆ ನಾನೂ ಹೋದೆ. ಸಿಸ್ಟರಮ್ಮ ಒಬ್ಬರೇ ಕಟ್ಟಿದ ಗೋದಲಿ ಸ್ವಲ್ಪ ವಾಲಿತ್ತು. ಅದರ ಮುಂದೆ ಇದ್ದದ್ದು ಕಪ್ಪು ಮಣ್ಣು. ಬಗ್ಗಿ ನೋಡಿದರೆ ಮಾತ್ರ ಸೂಜಿಮೊನೆಯಂಥ ಬಿಳಿ ಮೊಳಕೆ. ಪ್ಲಾಸ್ಟಿಕ್ ಹುಲ್ಲನ್ನು ಪುಕ್ಕಟೆ ಕೊಡುತ್ತೇನೆಂದರೂ ಅವರು ಬೇಡವೆಂದಿದ್ದರು. ಬೀದಿಯ ಮಕ್ಕಳು ನಾನು ಮಾರಿದ ಕೆಂಪು ಟೋಪಿ ಹಾಕಿಕೊಂಡು ತಿಂಡಿಗೆ ಬಂದಿದ್ದವು. ಶಾಲೆಯ ಗೋದಲಿಯಲ್ಲಿ ಎಷ್ಟು ಹಸಿರಿತ್ತು, ಇಲ್ಲಿ ಹುಲ್ಲೇ ಇಲ್ಲವಲ್ಲ ಎಂದು ಒಂದು ಹುಡುಗಿ ಕೇಳಿದಳು. ಅತ್ತೆ ತಲೆ ತಗ್ಗಿಸಿದರು.

ಸಿಸ್ಟರಮ್ಮ ಅತ್ತೆಯ ಕೈ ಹಿಡಿದುಕೊಂಡರು. ಮಣ್ಣಿನ ಕಡೆ ನೋಡುತ್ತ ಆ ಮಗುವಿಗೆ ಹೇಳಿದರು:

“ಬರ್ತಾ ಐತಿ ಮಗಳೇ.”