ಬಲಗೈಗಾಗಿ ಬಾದಾಮಿಗೆ

ಇಳಕಲ್ಲಿನ ನಮ್ಮ ಓಣಿಯಿಂದ ಗಾಡಿ ಹೊರಟ ಬೆಳಿಗ್ಗೆ ನಮ್ಮನ್ನು ಕಳಿಸಲು ಬಂದವರಿಗಿಂತ ತಡೆಯಲು ಬಂದವರೇ ಹೆಚ್ಚು. "ಮೂರೂ ಮಂದಿ ಹೆಂಗಸರು, ಜೋಡಿ ಒಬ್ಬ ಗಂಡಸಿಲ್ಲ, ಎತ್ತಾಗ ಹೊಂಟೀರಿ?" ಎಂದರು ಒಬ್ಬರು. "ಹೋಗೂದು ಎರಡು ಕೈಲೆ, ಬರೂದು ಒಂದ ಕೈಲೆ" ಎಂದರು ಇನ್ನೊಬ್ಬರು. ಅಂದವರ ಹೆಸರು ಬರೆಯುವುದಿಲ್ಲ. ಓದುವಾಗ ಅವರಿಗೇ ತಿಳಿಯುತ್ತದೆ. ಆ ಪ್ರಯಾಣದ ಬಗ್ಗೆ ಓಣಿಯಲ್ಲಿ ಬಾಯಿಗೊಂದು ಕಥೆ ಹುಟ್ಟಿರುವುದರಿಂದ, ಜೊತೆಯಲ್ಲಿದ್ದ ನಾನೇ ಕೂತು ಬರೆಯುತ್ತಿದ್ದೇನೆ.

ಗೌರವ್ವ ನನ್ನ ಒಡಹುಟ್ಟಿದ ಅಕ್ಕ. ನಾನು ಹುನಗುಂದದಲ್ಲಿ ಹೆಣ್ಣುಮಕ್ಕಳಿಗೆ ಸಾಲೆ ಕಲಿಸುವವಳು, ಎಲ್ಲರ ಪಾಲಿಗೆ 'ಬಾಯಾರು'. ಭಾವ ಪ್ಲೇಗಿನಲ್ಲಿ ತೀರಿಕೊಂಡ ಮೇಲೆ ಅಕ್ಕ ಅವನ ಕುಣಿಮಗ್ಗಕ್ಕೆ, ನೆಲದ ಕುಣಿಯಲ್ಲಿ ಕಾಲಿಟ್ಟು ತುಳಿದು ನೇಯುವ ಮಗ್ಗಕ್ಕೆ, ತಾನೇ ಇಳಿದಳು. ಹೆಂಗಸರು ನೂಲು ಸುತ್ತಬೇಕು, ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೂಡಿಸಿ ಕೊಂಡಿ ಹಾಕಬೇಕು, ಕುಣಿಗೆ ಮಾತ್ರ ಇಳಿಯಬಾರದು ಎಂದು ಹಿರಿಯರು ಹೇಳಿದರು. ಅಕ್ಕ ಕೇಳಲಿಲ್ಲ. ಅವಳ ಹೊಟ್ಟೆ, ಅವಳ ಅತ್ತೆ ನೀಲವ್ವನ ಹೊಟ್ಟೆ ಎರಡೂ ಆ ಮಗ್ಗವನ್ನೇ ನಂಬಿದ್ದವು.

ಹೋದ ಮಳೆಗಾಲದಲ್ಲಿ ಅಕ್ಕನ ಬಲಗೈ ಜೋಮು ಹಿಡಿಯತೊಡಗಿತು. ರಕ್ತ ಕೆಟ್ಟಿದೆ, ತೆಗೆಸಬೇಕು ಎಂದು ನೀಲವ್ವ ಹಟ ಹಿಡಿದು, ಚರ್ಮ ಕೊಯ್ದು ಚೀರು ಹಾಕುವವನನ್ನು ಕರೆಸಿದರು. ಮೊಣಕೈಯ ಒಳಮಡಿಕೆಯಲ್ಲಿ ಅವನು ಹಾಕಿದ ಚೀರು ಮೇಲಿನ ನೀಲಿ ನರವನ್ನು ದಾಟಿ, ಕೆಳಗೆ ಎದೆಯಿಂದ ರಕ್ತ ತರುವ ದೊಡ್ಡ ನಾಳಕ್ಕೆ ತಗುಲಿತು. ರಕ್ತ ಗೋಡೆಗೆ ಚಿಮ್ಮಿತಂತೆ. ಬಿಗಿದು ಕಟ್ಟಿದರು, ಗಾಯ ಮಾಯಿತು. ಆದರೆ ಸ್ವಲ್ಪ ದಿನದಲ್ಲೇ ಅಲ್ಲಿ ಲಿಂಬೆಹಣ್ಣಿನಷ್ಟು ಗಂಟೆದ್ದು, ಎದೆಯ ಹಾಗೆ ಬಡಿದುಕೊಳ್ಳತೊಡಗಿತು. ಓಣಿಯವರು ದೇವಿ ಬಂದಿದ್ದಾಳೆಂದು ಗಂಟಿಗೆ ಅರಿಷಿಣ ಹಚ್ಚಿ ಕೈಮುಗಿದರು. ಅದನ್ನು ಕಂಡು ನನಗೆ ಸಿಟ್ಟು ನೆತ್ತಿಗೇರಿತು. ಕೈ ಮುಗಿದವರ ಎದುರಿಗೇ ನೀರು ತಂದು ಅರಿಷಿಣ ತೊಳೆದೆ.

ಜರ್ಮನ್ ಯುದ್ಧದಿಂದ ಮರಳಿದ ಹುನಗುಂದದ ಸಿಪಾಯಿಯೊಬ್ಬ ಕಡಲಾಚೆಯ ಬಸರಾದ ದಂಡಿನ ದವಾಖಾನೆಯ ಸಂಗತಿ ಹೇಳಿದ್ದ. ಗುಂಡು ತಾಗಿ ಹರಿದ ರಕ್ತನಾಳವನ್ನು ಅಲ್ಲಿ ಕಟ್ಟಿಬಿಡದೆ, ಹೊಲಿದು ಕೂಡಿಸಿ ಅವನ ಜೊತೆಗಾರನ ಕಾಲು ಉಳಿಸಿದ್ದರಂತೆ. ಆ ಕೆಲಸದಲ್ಲಿ ಕೈಜೋಡಿಸಿದ್ದ ಡಾಕ್ಟರರು ಈಗ ತಮ್ಮೂರು ಬಾದಾಮಿಗೆ ಬಂದು ದವಾಖಾನೆ ತೆಗೆದಿದ್ದಾರೆ ಎಂದ. ನನಗೆ ಅಷ್ಟು ಸಾಕಾಯಿತು. ನೀಲವ್ವ ಹೊರಡಲು ಒಪ್ಪಿದ್ದು ಮಾತ್ರ ಬಾದಾಮಿಯ ಹತ್ತಿರ ಬನಶಂಕರಿಯ ಗುಡಿ ಇದೆಯೆಂಬ ಕಾರಣಕ್ಕೆ.

ಗಾಡಿ ಮೌಲಾಸಾಬರದು. ಬಾಡಿಗೆಗೆ ಅವರು ಜಗ್ಗಾಡಲಿಲ್ಲ. ಊರು ದಾಟಿದೊಡನೆ ಕೆಳಗಿಳಿದರು. "ಕೂತು ಹೊಡದ್ರ ಎತ್ತು ಓಡ್ತಾವರಿ ಬಾಯಾರ. ನಡಕೋತ ಹಗ್ಗ ಹಿಡೀತೇನಿ, ಅಕ್ಕಾರ ಕೈ ಅಲುಗಬಾರ್ದು" ಎಂದು ಹುನಗುಂದದ ತನಕ ಮೂರು ಹರದಾರಿಯೂ ನಡೆದೇ ಬಂದರು. ಚಳಿ ಇನ್ನೂ ಬಿಟ್ಟಿರಲಿಲ್ಲ. ಎಡಬಲಕ್ಕೆ ಎರೆಹೊಲ, ಆಳೆತ್ತರದ ಬಿಳಿಜೋಳ. ಒಂದು ಹೊಲದವರು ಎಳೆಯ ತೆನೆ ಸುಟ್ಟು ಸೀತನಿ ಉಜ್ಜುತ್ತಿದ್ದರು; ಕರೆದು ಮೂವರಿಗೂ ಸೆರಗಿನ ತುಂಬ ಕೊಟ್ಟರು. ಅಕ್ಕ ಎಡಗೈಯಲ್ಲಿ ತಿಂದಳು. ಬಲಗೈ ಮಡಿಲಲ್ಲಿ, ಬೇರೆ ಯಾರದೋ ಕೂಸಿನಂತೆ, ಸುಮ್ಮನೆ ಮಲಗಿತ್ತು.

ಹುನಗುಂದದಲ್ಲಿ ನನ್ನ ಕೋಣೆಯಲ್ಲೇ ವಸತಿ. ರಜೆ ಕೇಳಲು ಹೆಡ್ ಮಾಸ್ತರರ ಮನೆಗೆ ಹೋದೆ.

"ಎಷ್ಟು ದಿವಸ ಬೇಕು?" ಎಂದರು.

"ಕೈ ಉಳಿಯೂ ತನಕ."

"ಅಂಥಾ ರಜಾ ನೇಮದಾಗ ಇಲ್ಲಲ್ಲಾ, ಬಾಯಾರ."

"ಹಂಗಾದ್ರ ನೇಮ ಬಿಟ್ಟು ಕೊಡ್ರಿ. ಇಲ್ಲಂದ್ರ ನಾ ಸಾಲಿ ಬಿಟ್ಟು ಹೋಗ್ತೇನಿ."

ಅವರು ನನ್ನ ಮುಖ ನೋಡಿದರು, ನಕ್ಕರು, ಕೊಟ್ಟರು. ಒಳ್ಳೆಯ ಮನುಷ್ಯ, ಆದರೆ ಹೆದರಿಸದೆ ಏನನ್ನೂ ಕೊಡುವವರಲ್ಲ.

ಮರುದಿನ ಅಮೀನಗಡದಲ್ಲಿ ಉಳಿದು, ಅದರಾಚೆ ದಿನ ಕಮತಗಿಯ ಹತ್ತಿರ ಮಲಪ್ರಭೆಗೆ ಇಳಿದೆವು. ನೀರು ಗಾಲಿಯ ಅರ್ಧಕ್ಕೂ ಇರಲಿಲ್ಲ, ಆದರೆ ತಳದಲ್ಲಿ ಕಲ್ಲು. ನಡುಹೊಳೆಯಲ್ಲಿ ಒಂದು ಗಾಲಿ ಏರಿ ದಡಲ್ಲನೆ ಬಿದ್ದಿತು. ಅಕ್ಕ "ಎವ್ವಾ" ಎಂದಷ್ಟೇ ಅಂದು ಕಣ್ಣು ಮುಚ್ಚಿದಳು. ದಡ ಸೇರಿ ಬಿಚ್ಚಿ ನೋಡಿದರೆ ಗಂಟಿನ ಮೇಲಿನ ಚರ್ಮ ಬಿಗಿದು ಮಿಂಚುತ್ತಿತ್ತು. ನನಗೆ ಆಗ ಬಹಳ ಭಯವಾಯಿತು. ದಾರಿಯುದ್ದಕ್ಕೂ ಮಾತಿನಲ್ಲಿ ಹುಲಿಯಾಗಿದ್ದ ನಾನು ಬಾಗಲಕೋಟೆ ಬರುವ ತನಕ ಅಕ್ಕನ ಕೈಯನ್ನು ನನ್ನ ತೊಡೆಯ ಮೇಲೆ ಹಿಡಿದು ಕೂತೆ.

ಆ ಭಯಕ್ಕೇ ಬಾಗಲಕೋಟೆಯಲ್ಲಿ ಅಕ್ಕನನ್ನು ಅಲ್ಲಿನ ಒಬ್ಬ ಡಾಕ್ಟರರಿಗೆ ತೋರಿಸಿದೆ. ಅವರು ಗಂಟಿನ ಮೇಲೆ ನಳಿಗೆ ಇಟ್ಟು ಕೇಳಿದರು, ಮಣಿಕಟ್ಟಿನಲ್ಲಿ ನಾಡಿ ಹಿಡಿದರು. ಅವರಿಗೆ ಏನೂ ಗೊತ್ತಿಲ್ಲವೆಂದು ನಾನು ಹೇಳಲಾರೆ. "ರಕ್ತನಾಳದ ಗೋಡಿ ಒಡದು ಚೀಲ ಆಗೇದ. ಇವತ್ತಲ್ಲ ನಾಳೆ ಒಡೀತದ. ಮ್ಯಾಲ ಕೆಳಗ ನಾಳ ಕಟ್ಟಿಬಿಟ್ರ ಜೀವ ಉಳೀತದ, ಕೈ ಒಣಗಬಹುದು. ಒಣಗಿದ ಮ್ಯಾಲ ಕಡಿಯೂದಕ್ಕಿಂತ ಈಗ ಕಡದ್ರ ಒಂದ ಸಲಕ್ಕ ಮುಗೀತದ" ಎಂದರು.

"ಆಕಿ ಮಗ್ಗ ನೇಯ್ತಾಳ್ರಿ" ಎಂದೆ.

"ಮಗ್ಗ ಗಂಡಸರ ಕೆಲಸ. ಹೆಣ್ಣಮಗಳಿಗೆ ಒಂದು ಕೈ ಇದ್ರೂ ನಡೀತದ."

"ಹಂಗಾದ್ರ ನಿಮ್ಮ ಮನಿಯವರನ್ನ ಒಂದು ತಿಂಗಳು ಒಂದ ಕೈಲೆ ರೊಟ್ಟಿ ಬಡೀರಿ ಅನ್ರಿ. ನಡೀತೋ ಇಲ್ಲೋ ಆಮ್ಯಾಲ ಹೇಳ್ರಿ."

ನೀಲವ್ವ ನನ್ನ ಸೆರಗು ಜಗ್ಗಿದರು. ಡಾಕ್ಟರರ ಮುಖ ಕೆಂಪಾಯಿತು. ದಾರಿಯಲ್ಲಿ ಗಂಟು ಒಡೆದರೆ ತಮ್ಮ ಬಾಗಿಲಿಗೆ ಬರಬೇಡಿ ಎಂದರು. ಬಾದಾಮಿಯ ಡಾಕ್ಟರರ ಹೆಸರು ಹೇಳಿದಾಗ, "ದಂಡಿನಾಗಿನ ಆಟ ಊರಾಗ ಆಡಾಕ ಬರೂದಿಲ್ಲ" ಎಂದು ಎದ್ದುಹೋದರು. ಹೊರಗೆ ಕಟ್ಟೆಯ ಮೇಲೆ ಕೂತು ಅಕ್ಕನಿಗೆ ಕೇಳಿದೆ, "ಏನ ಮಾಡೂಣು? ಒಡದ್ರ ಜೀವಾನ ಹೋಗ್ತೈತಿ." ಅಕ್ಕ ಗಂಟಿನ ಮೇಲೆ ಎಡಗೈ ಇಟ್ಟುಕೊಂಡಿದ್ದಳು. "ಕೈ ಇಲ್ಲದ ಬದುಕಿ ಯಾರ ಮನಿ ಬಾಗಲಾ ಕಾಯ್ಲಿ? ಬಾದಾಮಿ ರೈಲು ಯಾವಾಗ ಐತಿ ನೋಡು, ನಡಿ" ಎಂದಳು.

ಮೌಲಾಸಾಬರು ಊರಿಗೆ ಗಾಡಿ ತಿರುಗಿಸಿದರು; ನಾವು ಮಾರನೆಯ ಬೆಳಿಗ್ಗೆ ರೈಲಿನ ಮೂರನೆಯ ದರ್ಜೆಯ ಡಬ್ಬಿಯಲ್ಲಿ, ಹಾಸಿಗೆಯ ಸುರುಳಿಯ ಮೇಲೆ ಅಕ್ಕನ ಕೈ ಇಟ್ಟು ಕೂತೆವು. ಎತ್ತಿನ ಗಾಡಿಗೆ ಹೋಲಿಸಿದರೆ ರೈಲು ಸುಖ. ಗುಳೇದಗುಡ್ಡದ ನೇಕಾರರು ಹತ್ತಿದರು. ಅಕ್ಕ ಅವರೊಡನೆ ಕುಪ್ಪಸದ ಖಣದ ದರ, ನೂಲಿನ ದರ ಮಾತಾಡಿದಳು. ಬಾದಾಮಿ ಸ್ಟೇಷನ್ನಿನಿಂದ ಊರು ಒಂದು ಹರದಾರಿ. ಟಾಂಗಾ ಹತ್ತಿದೆವು. ಕೆಂಪು ಗುಡ್ಡ, ಅದರ ಬುಡದಲ್ಲಿ ಹಸಿರು ನೀರಿನ ಕೆರೆ, ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಸಪ್ಪಳ, ಎಲ್ಲೆಲ್ಲೂ ಮಂಗಗಳು. ಗುಹೆಗಳನ್ನು ನೋಡಿದಿರಾ ಎಂದು ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ನೋಡಲಿಲ್ಲ.

ಡಾಕ್ಟರರ ದವಾಖಾನೆ ಎಂದರೆ ಅವರ ಮನೆಯ ಮುಂದಿನ ಕೋಣೆ. ಐವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಕೈ ನೋಡಿ, ನಮ್ಮೆಲ್ಲರನ್ನೂ ಕೂಡಿಸಿ ಹೇಳಿದರು. "ಕೆಟ್ಟ ತುಣುಕು ಕತ್ತರಿಸಿ ತೆಗದ್ರ ನಾಳದ ಎರಡು ತುದಿ ದೂರ ಉಳೀತಾವ. ಜಗ್ಗಿ ಹೊಲದ್ರ ಹರೀತದ. ಅದಕ್ಕ ಇವರ ಕಾಲಾಗಿಂದ ಒಂದು ನೀಲಿ ನರದ ತುಣುಕು ತಗದು ನಡುವ ಕೂಡಸಬೇಕು. ನೀಲಿ ನರದೊಳಗ ಸಣ್ಣ ಕದ ಇರ್ತಾವ, ರಕ್ತ ಒಂದ ಕಡೆ ಹೋಗೂಹಂಗ. ಅದನ್ನ ತಲಿಕೆಳಗ ಮಾಡಿ ಕೂಡಸದಿದ್ರ ಕದ ಮುಚ್ಚಿಕೊಳ್ತಾವ."

"ಎಷ್ಟು ಮಂದಿಗೆ ಮಾಡೀರಿ?" ಎಂದೆ.

"ದಂಡಿನಾಗ ದೊಡ್ಡ ಸರ್ಜನ್ನರ ಬಾಜೂಕ ನಿಂತು ಮಾಡಿದ್ದು ಬ್ಯಾರೆ. ನಾನ ಸ್ವಂತ ಮಾಡಿದ್ದು ಎರಡು. ಒಬ್ಬಂದು ಉಳೀತು. ಇನ್ನೊಬ್ಬಂದು ಹೊಲಿಗಿಯೊಳಗ ರಕ್ತ ಹೆಪ್ಪುಗಟ್ಟಿ ಕೈ ಕಪ್ಪಾತು. ನಾನ ಕಡದೆ."

ಬಾಗಲಕೋಟೆಯಲ್ಲಿ ಕೇಳಿದ್ದಕ್ಕಿಂತ ಈ ಮಾತೇ ಕಠಿಣವಾಗಿತ್ತು, ಆದರೆ ಈ ಮನುಷ್ಯನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಕ್ಕ ಹೊಲಿಯುವ ದಾರ ತೋರಿಸಿರೆಂದಳು. ಕೂದಲಿಗಿಂತ ಸಣ್ಣ ರೇಷ್ಮೆ, ವ್ಯಾಸಲೀನಿನಲ್ಲಿ ಅದ್ದಿಟ್ಟಿದ್ದು. ಬೆಳಕಿಗೆ ಹಿಡಿದು, "ನಮ್ಮ ರೇಷ್ಮಿ ಇದರ ಮುಂದ ಹಗ್ಗ" ಎಂದು ಒಪ್ಪಿಕೊಂಡಳು.

ನೀಲವ್ವ ಎದ್ದು ನಿಂತರು. "ಕಾಲಿನ ನರ ಕೈಗೆ ಹಚ್ಚೂದಂದ್ರೇನ್ರಿ? ದೇವರಿಗೆ ಹೂ ಏರಸೂ ಕೈ ಅದು. ಮಂದೀಗೆ ನೀಡೂ ಕೈ. ನಾಳೆ ಆಕಿ ಕೈಯಾಗಿನ ನೀರು ನಾ ಕುಡೀಲೋ ಬ್ಯಾಡೋ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕನೇ ಮಾತಾಡಿದಳು, ದನಿ ಏರಿಸದೆ. "ಅತ್ತಿ, ಮಗ್ಗದಾಗ ನಾ ಮೊದಲ ಕಾಲು ತುಳೀತೇನಿ, ಆಮ್ಯಾಲ ಕೈಲೆ ಲಾಳಿ ಒಗೀತೇನಿ. ಕಾಲು ತುಳೀಲಾರದ ಬರೇ ಕೈಲೆ ನೇದ ಸೀರಿ ಒಂದಿದ್ರ ತೋರಸ್ರಿ. ನಾ ನೇದ ಸೀರಿ ಹೋದ ವರ್ಷ ನೀವ ಬನಶಂಕರಿಗೆ ಉಡಿಸಿದ್ರಿ. ಕಾಲು ತಾಗಿದ್ದು ಒಲ್ಲೆ ಅಂದಳೇನು ಆಕಿ?"

"ನಾ ಇದನ್ನ ನೋಡಾಕ ಇಲ್ಲಿ ಕೂಡ್ರೂದಿಲ್ಲ" ಎಂದು ನೀಲವ್ವ ಚೀಲ ಎತ್ತಿಕೊಂಡು ಬನಶಂಕರಿಯ ದಾರಿ ಹಿಡಿದರು. ಹೋದರೆ ಹೋಗಲಿ ಎಂದೆ ನಾನು. ಅಕ್ಕ ಮಾತ್ರ ಅವರು ತಿರುವು ದಾಟುವ ತನಕ ಬಾಗಿಲಲ್ಲೇ ನಿಂತಿದ್ದಳು.

ಮರುದಿನ ಬಿಸಿಲು ಬಲಿತ ಮೇಲೆ ಕೆಲಸ ಶುರುವಾಯಿತು. ಡಾಕ್ಟರರ ಹೆಂಡತಿ ಅಕ್ಕನ ಮೂಗಿನ ಮೇಲಿನ ಬಟ್ಟೆಗೆ ಕ್ಲೋರೋಫಾರ್ಮ್ ಹನಿಸಿದರು. ನನ್ನ ಕೈಯಲ್ಲಿ ಒಂದು ಕನ್ನಡಿ; ಬಾಗಿಲ ಬಿಸಿಲನ್ನು ಗಾಯದೊಳಕ್ಕೆ ತಿರುಗಿಸಿ ಅಲ್ಲಾಡದೆ ಹಿಡಿಯುವುದು ನನ್ನ ಪಾಲಿನ ಕೆಲಸ. ಹೊರಗೆ ಹೋಗಿ ಕೂಡ್ರಿ ಎಂದಿದ್ದರು, ಹೋಗುವುದಿಲ್ಲ ಎಂದಿದ್ದೆ. ನಾಳವನ್ನು ಮೇಲೆ ಕೆಳಗೆ ಸಣ್ಣ ಚಿಮಟಿಗೆಗಳಿಂದ ಹಿಡಿದು, ಹರಿದ ಭಾಗ ತೆಗೆದು, ಕಾಲಿನ ನರದ ತುಣುಕನ್ನು ತಿರುವಿ ಇಟ್ಟು, ಎರಡೂ ತುದಿಗೆ ಸುತ್ತಲೂ ಹೊಲಿಗೆ ಹಾಕಿದರು. ಆ ಹೊತ್ತೆಲ್ಲ ಅಕ್ಕನ ಅಂಗೈ ಸುಣ್ಣ ಬಳಿದಂತೆ ಬೆಳ್ಳಗಿತ್ತು. ನನ್ನ ತೋಳು ಮರಗಟ್ಟಿತು. ಕನ್ನಡಿ ಅಲುಗಲಿಲ್ಲ.

ಕೆಳಗಿನ ಚಿಮಟಿಗೆ ಬಿಚ್ಚಿದರು, ಆಮೇಲೆ ಮೇಲಿನದು. ಹೊಲಿಗೆಯಿಂದ ರಕ್ತ ಜಿನುಗಿತು. ಅರಿವೆ ಒತ್ತಿ ಹಿಡಿದು ಕಾದರು. ನಿಂತಿತು. ಸಪ್ಪಗಿದ್ದ ಆ ನರದ ತುಣುಕು ಉಬ್ಬಿತು, ಬಡಿಯಿತು. "ಬಾಯಾರ, ಕನ್ನಡಿ ಇಡ್ರಿ. ಇಲ್ಲಿ ಬೆರಳು ಇಡ್ರಿ" ಎಂದು ಮಣಿಕಟ್ಟು ತೋರಿಸಿದರು. ಇಟ್ಟೆ. ಮೊದಲು ಏನೂ ಇಲ್ಲ. ಆಮೇಲೆ ಸಣ್ಣಗೆ, ಅಂಜಿ ಅಂಜಿ, ನಾಡಿ ಬಂತು. ನಾನು ಅಲ್ಲೇ ನೆಲಕ್ಕೆ ಕೂತು ಅತ್ತೆ, ಇದನ್ನು ಬರೆಯಲು ನಾಚಿಕೆಯಿಲ್ಲ.

ಸಂಜೆಗೆ ನೀಲವ್ವ ಗುಡಿಯಿಂದ ಮರಳಿ ಬಂದರು. ಎರಡನೆಯ ದಿನ ಅಕ್ಕನ ಬೆರಳು ತಣ್ಣಗಾದವು. ಡಾಕ್ಟರರು ಊಟ ಬಿಟ್ಟು ಪಕ್ಕದಲ್ಲೇ ಕೂತರು. ನೀಲವ್ವ ಹತ್ತಿಯ ಮೇಲೆ ಹತ್ತಿ ಸುತ್ತಿ ಆ ಕೈಯನ್ನು ಬೆಚ್ಚಗಿಟ್ಟರು, ಬರಿಗೈಯಿಂದ ಮಾತ್ರ ಮುಟ್ಟಲಿಲ್ಲ. ಮರುದಿನ ಬೆರಳಿಗೆ ಬಣ್ಣ ಬಂತು. ನಾವು ಮತ್ತೆ ಸುಮಾರು ಮೂರು ವಾರ ಅಲ್ಲಿದ್ದೆವು. ಕಿರುಬೆರಳಿಗೆ ಇನ್ನೂ ಸ್ಪರ್ಶವಿಲ್ಲ, ಹಿಡಿತ ಬರಲು ತಿಂಗಳುಗಳು ಬೇಕು ಎಂದು ಹೇಳಿ ಡಾಕ್ಟರರು ನಮ್ಮನ್ನು ಕಳಿಸಿಕೊಟ್ಟರು.

ಬಾಗಲಕೋಟೆಗೆ ಹೋಗುವ ರೈಲಿನಲ್ಲಿ ಎದುರಿಗೆ ಕೂತಿದ್ದ ಹೆಂಗಸೊಬ್ಬಳು ಅಕ್ಕನ ಕೈಯ ಕಟ್ಟನ್ನು ನೋಡಿ ಏನಾಯಿತೆಂದು ಕೇಳಿದಳು. ನಾನು ಇದ್ದದ್ದು ಇದ್ದಂತೆ ಹೇಳಿದೆ. ಆಕೆ ತನ್ನ ಬುತ್ತಿಯ ಗಂಟನ್ನು ಮೆಲ್ಲಗೆ ಅತ್ತ ಸರಿಸಿಕೊಂಡಳು. "ಕಾಲಿಂದು ಕೈಯಾಗ? ಅದರಲೆ ಹೆಂಗ ಉಣ್ತೀರವ್ವಾ? ಅದಕ್ಕಿಂತ ಕೈ ಇಲ್ಲದಿದ್ರೂ ಚೊಲೋ ಇತ್ತು" ಎಂದಳು. ಡಬ್ಬಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಕ್ಕ ಸೆರಗಿನಿಂದ ಕೈ ಮುಚ್ಚಿಕೊಂಡಳು. ಅದುವರೆಗೆ ಅವಳು ಒಮ್ಮೆಯೂ ಹಾಗೆ ಮುಚ್ಚಿಕೊಂಡಿರಲಿಲ್ಲ.

ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ನೀಲವ್ವ ಕೈಯೆತ್ತಿ ತಡೆದರು. ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಅಕ್ಕನ ಮುಂದಿಟ್ಟರು. "ಗೌರವ್ವಾ, ಒಂದು ತುತ್ತು ಮುರದು ನನ್ನ ಬಾಯಾಗ ಹಾಕು. ಆ ಕೈಲೆ ಹಾಕು" ಎಂದರು.

ಅಕ್ಕ ಸೆರಗು ಸರಿಸಿದಳು. ರೊಟ್ಟಿ ಮುರಿಯಲು ಬೆರಳಿಗೆ ಬಲ ಸಾಲದು. ಬಹಳ ಹೊತ್ತು ಹಿಡಿಯಿತು. ಎತ್ತಿದ ಕೈ ಅರ್ಧದಾರಿಯಲ್ಲಿ ನಡುಗಿತು. ನಾನು ಆಸರೆಗೆ ಕೈ ಚಾಚಿದೆ. ನೀಲವ್ವ ನನ್ನ ಕೈ ತಳ್ಳಿದರು. "ಬಿಡು. ಆಕೀನ ತರ್ಲಿ. ಚೀರು ಹಾಕಿಸಿದಾಕಿ ನಾ, ಕಾಯ್ತೇನಿ."

ಬಾಯಿ ತೆರೆದು ಕಾದರು. ಕೈ ತಲುಪಿತು. ಎದುರಿನ ಹೆಂಗಸನ್ನೇ ನೋಡುತ್ತ ನೀಲವ್ವ ನಿಧಾನವಾಗಿ ಅಗಿದು ನುಂಗಿದರು. ಕಿಟಕಿಯಾಚೆ ಬಾದಾಮಿಯ ಕೆಂಪು ಗುಡ್ಡ ಹಿಂದೆ ಸರಿಯುತ್ತಿತ್ತು.

"ಇನ್ನೊಂದು ಹಾಕು" ಎಂದರು.