ಊನದ ಊನ

ವಾರವಾದರೂ ಒಣಗದ ಟವೆಲ್ಲನ್ನು ಯಾರೂ ಸೋಮಾರಿ ಎಂದು ಬೈಯುವುದಿಲ್ಲ. ಮೋಡ ಮುಚ್ಚಿದೆ, ಪಾಪ, ಅದಾದರೂ ಏನು ಮಾಡೀತು ಎನ್ನುತ್ತಾರೆ. ಈ ಔದಾರ್ಯ ಗೃಹಿಣಿಯರಿಗೆ ಅನ್ವಯಿಸದೆಂದು ನಾನು ಕಲಿತದ್ದು ತೊಂಬತ್ತರ ದಶಕದಲ್ಲಿ, ವಿಜಾಪುರದಿಂದ ಮದುವೆಯಾಗಿ ಪುಣೆಯ ಪಕ್ಕದ ಚಿಂಚವಾಡಕ್ಕೆ ಬಂದ ಮೊದಲ ಮಳೆಗಾಲದಲ್ಲಿ.

ವಿಜಾಪುರದ ಬಿಸಿಲನ್ನು ಶಪಿಸುತ್ತಲೇ ಬೆಳೆದವಳು ನಾನು. ಇಲ್ಲಿನ ಮಳೆಯೋ ಸುರಿದು ಮುಗಿಸುವ ಜಾತಿಯದಲ್ಲ. ಹೊಸ್ತಿಲಲ್ಲಿ ನಿಂತೂ ಮಾತು ಮುಗಿಸದ ನೆಂಟರ ಹಾಗೆ ಜಿನುಗುತ್ತಲೇ ಇರುತ್ತದೆ. ಸೂರ್ಯ ನಾಪತ್ತೆಯಾದ. ಹಗಲೆಲ್ಲ ಕಣ್ಣೆಳೆಯುವ ನಿದ್ದೆ, ಎದ್ದರೆ ಕಾರಣವಿಲ್ಲದ ಅಳು. ನೀವೇ ಹೇಳಿ, ಕಪ್ಪೆ ಬೇಸಿಗೆಯುದ್ದಕ್ಕೂ ಮಣ್ಣಿನಲ್ಲಿ ಮಲಗಿದರೆ ಅದು ಪ್ರಕೃತಿಧರ್ಮ. ನಾನು ಮಧ್ಯಾಹ್ನ ಒಂದಿಷ್ಟು ಅಡ್ಡಾದರೆ ತವರಿನ ಸಂಸ್ಕಾರದ ಪ್ರಶ್ನೆ. ಕಪ್ಪೆಗೆ ಅತ್ತೆಯಿಲ್ಲ ನೋಡಿ.

ನಮ್ಮ ಯಜಮಾನರು ಕಾರ್ಖಾನೆಯೊಂದರ ಗುಮಾಸ್ತರು. ನನಗಿಂತ ಕೆಲವು ತಿಂಗಳು ಮೊದಲೇ ಬಂದವರಾದ್ದರಿಂದ ಮರಾಠಿಯಲ್ಲಿ ಮಹಾಪಂಡಿತರು. ಅವರೇ ನನ್ನನ್ನು ಡಾಕ್ಟರರ ಬಳಿ ಕರೆದೊಯ್ದರು. ಡಾಕ್ಟರು ನಾಡಿ ನೋಡಿ, ಕಿಟಕಿಯತ್ತ ನೋಡಿ, "ಆಜಾರ ನಾಹೀ. ಊನ ನಾಹೀ ನಾ!" ಎಂದು ನಕ್ಕರು. ಮರಾಠಿ ಬಾರದ ನನಗಾಗಿ ಪಂಡಿತರು ಅನುವಾದಿಸಿದರು: "ಕೇಳಿದ್ಯೇನ? ರೋಗಾನೂ ಇಲ್ಲ, ಊನಾನೂ ಇಲ್ಲಂತ. ಮಲಗೂ ಚಟ ಅಷ್ಟ ಅದ."

ಊನವೆಂದರೆ ಕೊರತೆ. ಸಂಸ್ಕೃತವೇ ಸಾಕ್ಷಿ ಹೇಳಿದ ಮೇಲೆ ಮೇಲ್ಮನವಿ ಎಲ್ಲಿಯದು? ತೀರ್ಪು ಎಸ್‌ಟಿಡಿ ಬೂತಿನಿಂದ ವಿಜಾಪುರದಲ್ಲಿದ್ದ ಅತ್ತೆಯವರಿಗೂ ತಲುಪಿತು. ನಾನೂ ಅದನ್ನು ನಂಬಿಬಿಟ್ಟೆ, ಅದೇ ದುಃಖ. ಕೆಟ್ಟಿರುವುದು ಹವೆಯಲ್ಲ, ನನ್ನ ಸ್ವಭಾವವೇ ಎಂದುಕೊಂಡು, ತೇವದ ಟವೆಲ್ಲಿನಲ್ಲಿ ಮುಖ ಮುಚ್ಚಿ ಅತ್ತೆ. ಇಲ್ಲಿ ಅತ್ತೆ ಎಂಬುದು ಕ್ರಿಯಾಪದ.

ಶ್ರಾವಣದ ಒಂದು ಗುರುವಾರ, ಕಾರ್ಖಾನೆಗೆ ವಾರದ ರಜೆ. ಪಕ್ಕದ ಮನೆಯ ಮರಾಠಿ ಕಾಕೂ ಗ್ಯಾಲರಿಯಿಂದ ನನ್ನನ್ನು ಹೊರಗೆ ಕರೆಯುತ್ತ ಕೂಗಿದರು: "ಅಗಂ, ಬಾಹೇರ ಯೇ! ಊನ ಆಲಂ, ಊನ!"

ಪೇಪರು ಓದುತ್ತಿದ್ದ ಯಜಮಾನರು ಗಾಬರಿಯಲ್ಲಿ ಮರಾಠಿ ಮರೆತು ಹೊರಗೋಡಿದರು. "ಯಾರಿಗ್ರೀ ಊನ ಬಂತು?"

ಅವರ ಭಾಷೆ ತಿಳಿಯದ ಕಾಕೂ ಸುಮ್ಮನೆ ಆಕಾಶಕ್ಕೆ ಬೆರಳೆತ್ತಿ, "ಊನ!" ಎಂದರು. ಮೋಡ ಸರಿದು ಗ್ಯಾಲರಿಯ ತುಂಬ ಬಿಸಿಲು ಬಿದ್ದಿತ್ತು. ಮರಾಠಿಯಲ್ಲಿ ಊನವೆಂದರೆ ಬಿಸಿಲು! ಡಾಕ್ಟರು ಹೇಳಿದ್ದು ಬಿಸಿಲಿಲ್ಲ, ಅದಕ್ಕೇ ಹೀಗೆ ಎಂದು.

ಪಂಡಿತರು ಒಳಬಂದು ಪೇಪರು ಮಡಚಿಟ್ಟರು. ಆಮೇಲೆ ಮೆಲ್ಲಗೆ, "ಚಾ ಮಾಡ್ಲೇನು?" ಎಂದರು. ಅವರ ನಿಘಂಟಿನಲ್ಲಿ ಅದು ಕ್ಷಮಾಪಣೆ.

"ಮಾಡ್ರಿ," ಎಂದೆ. "ಹಂಗ ಅತ್ತಿಯವರಿಗೂ ಒಂದು ಫೋನ್ ಮಾಡ್ರಿ."

ಟವೆಲ್ಲನ್ನು ತಂತಿಯ ಮೇಲೆ ಹರವಿದೆ. ಸಂಜೆಗೆ ಗರಿಗರಿಯಾಗಿತ್ತು, ಮುಖಕ್ಕೊತ್ತಿಕೊಂಡರೆ ನಾನು ಶಪಿಸಿದ್ದ ವಿಜಾಪುರದ್ದೇ ವಾಸನೆ. ಡಾಕ್ಟರರ ಮಾತು ನಿಜ, ನನಗೆ ಊನವಿರಲಿಲ್ಲ. ಅದೇ ನನ್ನ ಊನವಾಗಿತ್ತು.