ಇನ್ಸುಲಿನ್ ಬಾಟಲಿಗೆ ಮೀನಿನ ಮರ್ಯಾದೆ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದಿನದನ್ನು ಓದಿದ ಮೇಲೆ ಯಾರೂ ನಂಬಲಿಕ್ಕಿಲ್ಲ. ಭಟ್ಕಳದ ನಮ್ಮ ಮನೆಯಿಂದ ಬಸ್ಸು ಹತ್ತಿ ಹೊನ್ನಾವರದ ಶಾಲೆಗೆ ಹೋಗುವುದು, ಕಷ್ಟದ ಪಾಠವನ್ನು ಸುಲಭ ಮಾಡಿ ಹೇಳುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂದುಕೊಳ್ಳುತ್ತ ಸಂಜೆ ವಾಪಸು ಬರುವುದು, ಇದು ಇಪ್ಪತ್ತು ವರ್ಷದ ರೂಢಿ. ಗೊತ್ತಿರುವುದನ್ನು ಹಿಡಿದುಕೊಂಡು ಗೊತ್ತಿಲ್ಲದ್ದಕ್ಕೆ ಕರೆದೊಯ್ಯಬೇಕು ಎನ್ನುವುದು ನನ್ನ ಸೂತ್ರ. ಹೃದಯವನ್ನು ಬಾವಿಯ ಪಂಪಿನಿಂದ ವಿವರಿಸುತ್ತೇನೆ, ಕಣ್ಣನ್ನು ಮೊಬೈಲಿನ ಕ್ಯಾಮೆರಾದಿಂದ. ಇದೇ ಸೂತ್ರ ಹಿಡಿದು ಹೊರಟು ನನ್ನ ತಾಯಿಯ ಕಾಲಿನ ಹೆಬ್ಬೆರಳನ್ನು ಕಳೆಯುವುದರಲ್ಲಿದ್ದೆ.

ಅಮ್ಮ ಮೀನು ಮಾರುವವಳು. ನಾನು ಸಂಬಳ ತರಲು ಶುರುಮಾಡಿದ ಮೇಲೂ ಪೇಟೆಗೆ ಹೋಗುವುದನ್ನು ಬಿಡಲಿಲ್ಲ. ಬಿಡು ಎಂದರೆ, "ಮನೇಲಿ ಕೂತು ನಿನ್ನ ಮುಖ ನೋಡುಕಾ?" ಎನ್ನುತ್ತಾಳೆ. ಅವಳ ಬಂಗಡೆ ಸಂಜೆಗೂ ಬೆಳಗಿನ ಹಾಗೇ ಇರುತ್ತದೆ ಎಂದು ಮಾರ್ಕೆಟ್ಟಿನಲ್ಲಿ ಹೆಸರು. ಅದಕ್ಕೆ ಅವಳದೇ ಕ್ರಮವಿದೆ. ಥರ್ಮಾಕೋಲ್ ಪೆಟ್ಟಿಗೆಗೆ ಒಂದು ಪದರ ಪುಡಿ ಐಸು, ಅದರ ಮೇಲೆ ಒಂದು ಹಿಡಿ ಹರಳುಪ್ಪು, ಮೀನು, ಮತ್ತೆ ಐಸು, ಮತ್ತೆ ಉಪ್ಪು. ಫ್ರಿಜ್ಜನ್ನು ಅವಳು ಇವತ್ತಿಗೂ ನಂಬುವುದಿಲ್ಲ. ನಮ್ಮ ಮನೆಯ ಫ್ರಿಜ್ಜಿನಲ್ಲಿ ಮಜ್ಜಿಗೆ, ದೋಸೆ ಹಿಟ್ಟು, ಕೊತ್ತಂಬರಿ ಸೊಪ್ಪು ಇರಬಹುದು. ಮೀನು ಇಟ್ಟರೆ ಅದು ಮೀನಿಗೆ ಮಾಡಿದ ಅವಮಾನ.

ಕಳೆದ ವರ್ಷ ಅವಳ ಕಾಲಿನ ಹೆಬ್ಬೆರಳಿಗೆ ಮೀನಿನ ಮುಳ್ಳು ಚುಚ್ಚಿತು. ಚುಚ್ಚಿಸಿಕೊಳ್ಳುವುದು ಹೊಸದಲ್ಲ, ವಾಸಿಯಾಗದೇ ಇದ್ದದ್ದು ಹೊಸದು. ಅರಿಶಿನ ಹಚ್ಚಿದಳು, ಅದು ಇದು ಹಚ್ಚಿದಳು. ಕೊನೆಗೆ ನಾನು ಜಗಳ ತೆಗೆದು ಹೊನ್ನಾವರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ರಕ್ತ ನೋಡಿ, ಕಾಲು ನೋಡಿ, ಸಕ್ಕರೆ ಕಾಯಿಲೆ ಹಳೆಯದೇ ಇದ್ದಂತಿದೆ, ಇನ್ನು ಮಾತ್ರೆ ಸಾಲದು ಎಂದು ಇನ್ಸುಲಿನ್ ಬರೆದುಕೊಟ್ಟರು. ಬೇಗ ಕೆಲಸ ಮಾಡುವುದು, ನಿಧಾನಕ್ಕೆ ಕೆಲಸ ಮಾಡುವುದು, ಎರಡನ್ನೂ ಬೆರೆಸಿ ಒಂದೇ ಬಾಟಲಿಯಲ್ಲಿ ತುಂಬಿದ ಇನ್ಸುಲಿನ್. ಸುಮ್ಮನೆ ಇಟ್ಟರೆ ಬಿಳಿ ಗಸಿ ತಳಕ್ಕೆ ಇಳಿಯುತ್ತದೆ. ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿದರೆ ಹಾಲಿನ ಹಾಗೆ ಒಂದಾಗುತ್ತದೆ. ಕುಲುಕಬಾರದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಊಟಕ್ಕೆ ಅರ್ಧ ಗಂಟೆ ಮೊದಲು. ಚುಚ್ಚಿಕೊಂಡ ಮೇಲೆ ಊಟ ತಪ್ಪಿಸುವಂತಿಲ್ಲ.

"ಬೆಳಿಗ್ಗೆ ಇಪ್ಪತ್ತು ಯೂನಿಟ್," ಎಂದರು ಡಾಕ್ಟರು.

"ಇಪ್ಪತ್ತು ಹೆಚ್ಚಾತು. ಹದಿನೆಂಟು ಮಾಡಿ," ಎಂದಳು ಅಮ್ಮ. ಡಾಕ್ಟರು ನಕ್ಕರು, ಇಳಿಸಲಿಲ್ಲ. ಹೊರಗೆ ಬಂದ ಮೇಲೆ, "ಎಂತಾ ಜನ ಮಾರಾಯಾ, ಒಂದೂ ಬಿಡೂದಿಲ್ಲ," ಎಂದು ಅವರ ಬಗ್ಗೆ ಮೆಚ್ಚಿಕೊಂಡೇ ಮಾತಾಡಿದಳು.

ಮನೆಯಲ್ಲಿ ನಾನು ತರಗತಿ ತೆಗೆದುಕೊಂಡೆ. ಒಂದು ಎಂ.ಎಲ್.ಗೆ ನಲವತ್ತು ಯೂನಿಟ್ ಇರುವ ಇನ್ಸುಲಿನ್ನಿಗೆ ನಲವತ್ತರದೇ ಸಿರಿಂಜು, ಕೆಂಪು ಮುಚ್ಚಳದ್ದು, ಬೇರೆ ತಂದರೆ ಅಳತೆ ತಪ್ಪುತ್ತದೆ ಎಂದೆ. ಹೊಟ್ಟೆಯ ಮೇಲೆ ದಿನಾ ಒಂದೇ ಜಾಗಕ್ಕೆ ಚುಚ್ಚಬಾರದು ಎಂದೆ. ತೋರಿಸಿಕೊಡಲು ಹೋದ ನಾನು ಸೂಜಿಯ ಮುಚ್ಚಳ ತೆಗೆದು ಮತ್ತೆ ಹಾಕಿದೆ. ಅಮ್ಮ ಸಿರಿಂಜನ್ನು ಕಿತ್ತುಕೊಂಡು, ಮೀನಿನ ಹೊಟ್ಟೆ ಬಿಡಿಸುವ ಅದೇ ಕೈಯಿಂದ ಒಂದೇ ಏಟಿಗೆ ಚುಚ್ಚಿಕೊಂಡು, "ಇಷ್ಟೇಯಾ?" ಎಂದಳು. ಅರ್ಧ ಗಂಟೆಗೆ ಗಡಿಯಾರ ಬೇಡವಾಯಿತು. ಚುಚ್ಚಿಕೊಂಡು ಮೀನಿಗೆ ಮಸಾಲೆ ಹಚ್ಚಿ ಕಾವಲಿ ಇಟ್ಟರೆ, ಹುರಿದು ಮುಗಿಯುವ ಹೊತ್ತಿಗೆ ಅರ್ಧ ಗಂಟೆ.

ಉಳಿದದ್ದು ಬಾಟಲಿ ಇಡುವ ವಿಷಯ. ಹೊಸ ಬಾಟಲಿಯನ್ನು ನಾನೇ ಫ್ರಿಜ್ಜಿನ ಬಾಗಿಲಿನಲ್ಲಿಟ್ಟೆ. ಅಮ್ಮ ಅನುಮಾನದಿಂದ ನೋಡಿದಳು. ಆಗ ನನ್ನ ಸೂತ್ರ ನೆನಪಾಯಿತು. "ಅಮ್ಮಾ, ಇದೂ ನಿನ್ನ ಬಂಗಡೆ ಇದ್ದ ಹಾಗೆ. ತಂಪು ತಪ್ಪಿದ್ರೆ ಹೋತು. ನೀನು ಮೀನು ನೋಡ್ಕಂಡ ಹಾಗೆ ಇದನ್ನೂ ನೋಡ್ಕ, ಸಾಕು," ಎಂದೆ.

ಅವಳ ಮುಖ ಬೆಳಗಿತು. "ಹಾಗೆ ಹೇಳು! ಆತು, ಇನ್ನು ನೀನು ಅದರ ತಲೆಬಿಸಿ ಬಿಡು," ಎಂದಳು. ಎಷ್ಟು ಚೆಂದ ಹೇಳಿಕೊಟ್ಟೆ ಎಂದು ನಾನು ಹೆಂಡತಿಯ ಕಡೆ ನೋಡಿದೆ. ಅವಳು ತೆಂಗಿನಕಾಯಿ ತುರಿಯುತ್ತಿದ್ದಳು, ತಲೆ ಎತ್ತಲಿಲ್ಲ.

ಎರಡು ವಾರ ಕಳೆದು ರಕ್ತ ನೋಡಿದರೆ ಸಕ್ಕರೆ ಇಳಿದಿರಲಿಲ್ಲ. ಡಾಕ್ಟರು ಯೂನಿಟ್ ಏರಿಸಿದರು. ಮತ್ತೆ ಎರಡು ವಾರ, ಮತ್ತೂ ಇಳಿಯಲಿಲ್ಲ, ಮತ್ತೆ ಏರಿಸಿದರು. ಗಾಯದ ಅಂಚು ಕಪ್ಪಾಗತೊಡಗಿತ್ತು. ಮಾರ್ಕೆಟ್ಟಿಗೆ ಹೋಗುವುದು ಬಂದ್. ಅಮ್ಮನನ್ನು ಹೊರಗೆ ಕೂರಿಸಿ ಡಾಕ್ಟರು ನನಗೆ ಹೇಳಿದರು: "ಇದು ಹೀಗೇ ಇದ್ದರೆ ಬೆರಳು ಉಳಿಯೂದಿಲ್ಲ. ಅವರು ಬಾಯಿ ಕಟ್ಟಿದಾರಾ ಇಲ್ವಾ, ಸ್ವಲ್ಪ ನೋಡಿ."

ನೋಡಿ ಎಂದರೆ ನೋಡುವವನಲ್ಲ ನಾನು, ಪತ್ತೇದಾರಿಗೆ ಇಳಿಯುವವನು. ಅವತ್ತೇ ಮನೆಯ ಸಕ್ಕರೆ, ಬೆಲ್ಲ, ಬಿಸ್ಕತ್ತು, ದೇವರ ಮುಂದಿನ ಕಲ್ಲುಸಕ್ಕರೆಯವರೆಗೆ ಎಲ್ಲವನ್ನೂ ಚೀಲಕ್ಕೆ ತುಂಬಿ ಪಕ್ಕದ ಮನೆಗೆ ಕೊಟ್ಟುಬಂದೆ. ಮನೆಮಂದಿಗೆಲ್ಲ ಸಪ್ಪೆ ಚಹಾ. ನಾನು ಮಾತ್ರ ಶಾಲೆಯ ಸ್ಟಾಫ್ ರೂಮಿನಲ್ಲಿ ಎರಡು ಚಮಚ ಸಕ್ಕರೆ ಹಾಕಿಕೊಂಡು ಕುಡಿಯುತ್ತಿದ್ದೆ. ಅದು ಬೇರೆ ಲೆಕ್ಕ. ನನ್ನ ಹೆಂಡತಿಯ ತವರು ಹಿರೇಗುತ್ತಿ, ಅಲ್ಲಿಯವರ ಚಹಾ ಪಾಯಸದ ಹಾಗೆ; ಸಿಹಿ ಇಲ್ಲದ ಚಹಾವನ್ನು ಅವಳು ಜನ್ಮದಲ್ಲಿ ಕುಡಿದವಳಲ್ಲ. ಆದರೂ ತಕರಾರಿಲ್ಲದೆ ಒಪ್ಪಿಕೊಂಡಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಅಮ್ಮನ ಎಲೆಯಡಿಕೆ ಕವಳದ ಚಂಚಿ ತಡಕಿದೆ. ದಿಂಬಿನ ಕೆಳಗೆ ನೋಡಿದೆ. ಅವಳು ಕುಡಿದಿಟ್ಟ ಲೋಟ ಮೂಸಿದೆ. ಏನೂ ಸಿಗಲಿಲ್ಲ. ಸಿಗದೇ ಹೋದದ್ದರಿಂದ ಸಿಟ್ಟು ಇನ್ನೂ ಏರಿತು. ಒಂದು ಸಂಜೆ ಹೆಂಡತಿಯ ಎದುರೇ ಕೂಗಿಬಿಟ್ಟೆ: "ಕದ್ದು ತಿಂಬುದು ಎಷ್ಟು ದಿನ ನಡೀತದೆ ಅಂತ ಮಾಡಿದ್ದೆ? ಬೆರಳು ಕಡಿದ ಮೇಲೆ ಬುದ್ಧಿ ಬತ್ತದಾ?"

ಹಳಸಿದ ಮೀನು ಎಂದು ಒಬ್ಬ ಗಿರಾಕಿ ಅಂದದ್ದಕ್ಕೆ ಇಡೀ ಮಾರ್ಕೆಟ್ ಸೇರಿಸಿದವಳು ನನ್ನ ಅಮ್ಮ. ಅವತ್ತು ನನಗೂ ನಾಲ್ಕು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಸೀರೆಯ ಸೆರಗನ್ನು ಗಾಯದ ಕಾಲಿನ ಮೇಲೆ ಎಳೆದುಕೊಂಡಳು. ನನಗೆ ಒಳಗೊಳಗೇ ಹೆದರಿಕೆಯಾಯಿತು.

ಆ ಶುಕ್ರವಾರ ಸಂಜೆ ಪಕ್ಕದ ಜಾಲಿ ಊರಿನಿಂದ ಅಮ್ಮನ ಹಳೆಯ ಗಿರಾಕಿ ಒಬ್ಬರು ಬಂದರು. ನವಾಯತ ಮುಸ್ಲಿಂ ಮನೆತನದ ಹೆಂಗಸು, ಅಮ್ಮನಿಗಿಂತ ಸ್ವಲ್ಪ ಚಿಕ್ಕವರು. ಅಮ್ಮನಲ್ಲದೆ ಬೇರೆ ಯಾರ ಹತ್ತಿರವೂ ಮೀನು ಕೊಳ್ಳದವರು. ಮಾರ್ಕೆಟ್ಟಿನಲ್ಲಿ ಕಾಣದ್ದಕ್ಕೆ ವಿಳಾಸ ಕೇಳಿಕೊಂಡು ಬಂದಿದ್ದರು. ತಾವೂ ಎಂಟು ವರ್ಷದಿಂದ ಇದೇ ಹಾಲಿನ ಬಣ್ಣದ ಇನ್ಸುಲಿನ್ ತೆಗೆದುಕೊಳ್ಳುವುದಾಗಿ ಹೇಳಿದರು. ಮಾತಾಡುತ್ತಿದ್ದಂತೆ ಅಮ್ಮನಿಗೆ ಚುಚ್ಚಿಕೊಳ್ಳುವ ಹೊತ್ತಾಯಿತು. ಅಮ್ಮ ಕುಂಟುತ್ತ ಹಿಂದಿನ ಜಗಲಿಗೆ ಹೋಗಿ ಮೀನಿನ ಪೆಟ್ಟಿಗೆಯ ಮುಚ್ಚಳ ತೆಗೆದಳು. ಐಸಿನೊಳಗೆ ಮೊಣಕೈತನಕ ಕೈ ಹಾಕಿ ಬಾಟಲಿ ಎತ್ತಿಕೊಂಡು, ಅದಕ್ಕೆ ಅಂಟಿದ ಹರಳುಪ್ಪನ್ನು ಸೆರಗಿನಿಂದ ಒರೆಸುತ್ತ ಬಂದಳು.

"ಯಾ ಅಲ್ಲಾ! ಅಕ್ಕಾ, ಇದೆಂತ? ಬಂಗಡೆ ಅಂತ ಮಾಡಿದ್ರಾ ಇದನ್ನ?" ಎಂದರು ಜಾಲಿಯವರು.

ಅಮ್ಮ ಹೆಮ್ಮೆಯಿಂದ, "ಮಾರುಕೆ ಮೀನಿಲ್ದಿದ್ರೂ ಇದಕ್ಕೆ ದಿನಾ ಐಸು ತರಿಸ್ತೆ. ಎರಡು ಹೊತ್ತೂ ಬದಲು ಮಾಡ್ತೆ," ಎಂದಳು.

ಜಾಲಿಯವರು ಬಾಟಲಿಯನ್ನು ಬೆಳಕಿಗೆ ಹಿಡಿದರು. ಒಳಗೆ ಗಟ್ಟಿಯಾಗಿತ್ತು. ಅಂಗೈಯಲ್ಲಿ ಉರುಳಿಸಿ ಕರಗಿಸಿದ ಮೇಲೆ ಒಡೆದ ಹಾಲಿನ ಹಾಗೆ ಹರಳು ಹರಳು. ಗಾಜಿಗೆ ಬಿಳಿ ಕಣ ಅಂಟಿಕೊಂಡಿತ್ತು. "ಒಮ್ಮೆ ಗಟ್ಟಿ ಆದ್ರೆ ಇದರ ಜೀವ ಹೋತು ಅಕ್ಕಾ. ಮತ್ತೆ ಕರಗಿಸಿದ್ರೂ ನೀರೇ. ನಾವು ಬಳಸೂಕೆ ತೆಗೆದ ಬಾಟ್ಲಿ ಮನೆಯೊಳಗೆ ನೀರಿನ ಮಡಕೆ ಹತ್ರ ಇಡೂದು. ಬಿಸಿಲೂ ತಾಗೂಕಾಗ, ಐಸೂ ತಾಗೂಕಾಗ."

ಐಸಿಗೆ ಉಪ್ಪು ಸೇರಿದರೆ ಅದರ ಉಷ್ಣತೆ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಪ್ರತಿವರ್ಷ ಬೀಕರಿನಲ್ಲಿ ಐಸು, ಉಪ್ಪು ಹಾಕಿ, ಥರ್ಮಾಮೀಟರ್ ಇಟ್ಟು, ಮಕ್ಕಳಿಂದ ಚಪ್ಪಾಳೆ ಗಿಟ್ಟಿಸುವ ಪ್ರಯೋಗ ಅದು. ನಮ್ಮ ಜಗಲಿಯಲ್ಲಿ ಅದೇ ಪ್ರಯೋಗ ತಿಂಗಳಿಗೂ ಮೇಲೆ ನಡೆದಿತ್ತು. ಫ್ರಿಜ್ಜಿನ ಬಾಗಿಲಿನಲ್ಲಿ ಸದಾ ಒಂದು ತೆರೆಯದ ಬಾಟಲಿ ಇರುತ್ತಿತ್ತು. ಅದನ್ನು ನೋಡಿ ಎಲ್ಲ ಸರಿಯಾಗಿದೆ ಎಂದುಕೊಂಡಿದ್ದೆ. ಅಮ್ಮ ತೆರೆದದ್ದನ್ನೆಲ್ಲ ಪೆಟ್ಟಿಗೆಗೆ ಸೇರಿಸಿ, ನಾನು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ನಲವತ್ತು ಮಕ್ಕಳ ತರಗತಿಯಲ್ಲಿ ಅಂಥ ವಿದ್ಯಾರ್ಥಿ ನನಗೆ ಒಬ್ಬರೂ ಸಿಕ್ಕಿಲ್ಲ.

ಹೊರಡುವಾಗ ಜಾಲಿಯವರು ಎಷ್ಟು ಯೂನಿಟ್ ಎಂದು ಕೇಳಿದರು. ಹೇಳಿದೆ. ಅವರು ಹೌಹಾರಿದರು. "ಸತ್ತ ಇನ್ಸುಲಿನ್ನಿಗೆ ಏರಿಸಿದ ಲೆಕ್ಕ ಅದು ಮಾಸ್ತರ್ರೇ. ಹೊಸ ಬಾಟ್ಲಿದು ಅಷ್ಟೇ ಹಾಕ್ಬೇಡಿ. ಮೊದ್ಲು ಡಾಕ್ಟ್ರಿಗೆ ಕೇಳಿ."

ಖಂಡಿತ ಎಂದೆ. ಫೋನ್ ಮಾಡಿದೆ, ಎತ್ತಲಿಲ್ಲ. ಡಾಕ್ಟರು ಊರಲ್ಲಿಲ್ಲ, ಸೋಮವಾರ ಬರುತ್ತಾರೆ ಎಂದು ಆಮೇಲೆ ಗೊತ್ತಾಯಿತು. ಬೇರೆ ಡಾಕ್ಟರನ್ನು ಕೇಳಬಹುದಿತ್ತು. ಕೇಳಲಿಲ್ಲ. ಫ್ರಿಜ್ಜಿನ ಹೊಸ ಬಾಟಲಿಯಿಂದ ಆ ಏರಿಸಿದ ಅಳತೆಯಲ್ಲೇ ಚುಚ್ಚಿಸಿದೆ. ಶನಿವಾರ ಮನೆಯ ಮೀಟರಿನಲ್ಲಿ ನೋಡಿದರೆ ಸಕ್ಕರೆ ಸರಸರ ಇಳಿದಿತ್ತು. ಖುಷಿಯೋ ಖುಷಿ. ನಾನೇ ಕಾಯಿಲೆ ವಾಸಿಮಾಡಿದವನ ಹಾಗೆ ಓಡಾಡಿದೆ.

ಭಾನುವಾರ ಬೆಳಿಗ್ಗೆ ಅಮ್ಮ ಎರಡು ದೋಸೆ ತಿನ್ನುವಲ್ಲಿ ಒಂದೇ ತಿಂದು ಸಾಕೆಂದಳು. ಹನ್ನೊಂದು ಗಂಟೆಯ ಹೊತ್ತಿಗೆ ಜಗಲಿಯಿಂದ, "ತಮ್ಮಾ, ಕೈ ನಡುಗ್ತದೆ ಮಾರಾಯಾ," ಎಂದಳು. ಹೋಗಿ ನೋಡಿದರೆ ಹಣೆ, ಕುತ್ತಿಗೆ ಎಲ್ಲ ಬೆವರು. ಮೈ ತಣ್ಣಗೆ. ಮಾತು ತೊದಲುತ್ತಿತ್ತು. ಸಕ್ಕರೆ ಹೆಚ್ಚಾದರೆ ಬೆರಳು ಹೋಗುತ್ತದೆ, ಹೀಗೆ ಕಡಿಮೆಯಾದರೆ ಜೀವವೇ ಹೋಗುತ್ತದೆ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಕೂಡಲೇ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಬೇಕು. ಅಡುಗೆಮನೆಗೆ ಓಡಿ ಡಬ್ಬ ತೆಗೆದೆ. ಖಾಲಿ. ಬೆಲ್ಲದ ಭರಣಿ ಖಾಲಿ. ಸಿಹಿ ಎನ್ನುವುದು ಹೆಸರಿಗೂ ಇಲ್ಲದ ಹಾಗೆ ಮನೆಯನ್ನು ಗುಡಿಸಿ ಹಾಕಿದವನು ನಾನೇ. ಪಕ್ಕದ ಮನೆಗೆ ಓಡಿದರೆ ಬೀಗ. ಅಂಗಡಿಗೆ ಓಡುವುದೋ ಅಮ್ಮನನ್ನು ಹಿಡಿದುಕೊಳ್ಳುವುದೋ ತಿಳಿಯದೆ ಅಂಗಳದಲ್ಲಿ ನಿಂತು, "ಸಕ್ಕರೆ! ಸಕ್ಕರೆ!" ಎಂದು ಕೂಗಿದೆ.

ಬಟ್ಟೆ ಒಗೆಯುತ್ತಿದ್ದ ಹೆಂಡತಿ ಒದ್ದೆ ಕೈಯಲ್ಲೇ ಒಳಗೆ ಹೋಗಿ, ಅಕ್ಕಿ ಡ್ರಮ್ಮಿಗೆ ತೋಳುದ್ದ ಕೈ ಹಾಕಿ, ಒಂದು ಸಕ್ಕರೆ ಪೊಟ್ಟಣ ಎಳೆದಳು. ಅರ್ಧ ಖಾಲಿಯಾಗಿತ್ತು. ಕದಡಿದ ನೀರನ್ನು ಗುಟುಕು ಗುಟುಕಾಗಿ ಅವಳೇ ಕುಡಿಸಿದಳು. "ಅತ್ತೆ, ನುಂಗಿ. ಇನ್ನೊಂದು ಗುಟುಕು, ನುಂಗಿ." ಕಾಲು ಗಂಟೆ ನಾನು ಅಮ್ಮನ ಕೈ ಬಿಡಲಿಲ್ಲ. ಮೀಟರಿನ ಅಂಕಿ ಮೆಲ್ಲಗೆ ಏರಿತು. ಮತ್ತೆ ಅನ್ನ ಕಲಸಿ ಕೊಟ್ಟೆವು. ಬೆವರು ಆರಿದ ಮೇಲೆ ಅಮ್ಮ ಮೊದಲು ಆಡಿದ ಮಾತು: "ಕದ್ದು ತಿಂಬುದು ಯಾರು ಅಂತ ಈಗ ಗೊತ್ತಾತಾ?"

"ತಿಂಬುದಲ್ಲ ಅತ್ತೆ, ಕುಡಿಯೂದು," ಎಂದಳು ಹೆಂಡತಿ. ಇಬ್ಬರೂ ನಕ್ಕರು. ನನಗೆ ನಗುವ ಯೋಗ್ಯತೆ ಇರಲಿಲ್ಲ.

ಆ ಸಂಜೆಯ ಅಳತೆಯನ್ನು ಸರಕಾರಿ ಆಸ್ಪತ್ರೆಯಲ್ಲಿ ಕೇಳಿಕೊಂಡೇ ಚುಚ್ಚಿಸಿದೆ. ಸೋಮವಾರ ಮೂವರೂ ಹೊನ್ನಾವರಕ್ಕೆ ಹೋದೆವು. ಡಾಕ್ಟರು ಎಲ್ಲ ಕೇಳಿ, ಯೂನಿಟ್ಟನ್ನು ಅಮ್ಮ ಮೊದಲು ಕೇಳಿದ ಹದಿನೆಂಟಕ್ಕೇ ಇಳಿಸಿದರು. ಗಾಯ ನೋಡಿ, ಇನ್ನೂ ಕಾಲ ಮಿಂಚಿಲ್ಲ, ಬೆರಳು ಉಳಿಯುತ್ತದೆ ಎಂದರು. ಆಮೇಲೆ ಸಿಟ್ಟು ಮಾಡಿದರು.

"ಐಸಿನಲ್ಲಿ ಹೂಳಿ ಇಡಿ ಅಂತ ಯಾರು ಹೇಳಿದ್ರು ನಿಮಗೆ?"

"ಯಾರೂ ಇಲ್ಲ. ನಂದೇ ಬುದ್ಧಿ," ಎಂದಳು ಅಮ್ಮ.

"ಮನೇಲೇ ಸೈನ್ಸ್ ಮಾಸ್ತರರು ಇದಾರೆ. ಅವರನ್ನ ಒಂದು ಮಾತು ಕೇಳ್ಬಾರದಿತ್ತಾ?"

ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ಅಮ್ಮ ತನ್ನ ಗಟ್ಟಿ ಕಾಲಿನಿಂದ ನನ್ನ ಪಾದವನ್ನು ಒತ್ತಿ ಹಿಡಿದಳು. ಅವಳ ಕಾಲಿನ ಬಲ ಏನೆಂದು ಅವತ್ತು ಗೊತ್ತಾಯಿತು. "ಕೇಳ್ಬೇಕಿತ್ತು," ಎಂದಳು ಡಾಕ್ಟರಿಗೆ, "ಹಳೇ ಕಾಲದವಳು ನೋಡಿ, ಕೇಳ್ಲಿಲ್ಲ."

ವಾಪಸು ಬರುವ ಬಸ್ಸಿನಲ್ಲಿ ಹೆಂಡತಿ ಮುಂದಿನ ಸೀಟಿನಲ್ಲಿ ನಿದ್ದೆಹೋಗಿದ್ದಳು. ಮಂಕಿ ಊರು ದಾಟಿದ ಮೇಲೆ ನಾನು ಕೇಳಿದೆ: "ಸುಳ್ಳು ಎಂತಕ್ಕೆ ಹೇಳಿದೆ? ಮೀನಿನ ಹಾಗೆ ನೋಡ್ಕ ಅಂದದ್ದು ನಾನು. ಕದ್ದು ತಿಂತೆ ಅಂದದ್ದೂ ನಾನು. ತಪ್ಪಾತು ಅಮ್ಮಾ."

ಅಮ್ಮ ಬ್ಯಾಂಡೇಜಿನ ಕಾಲನ್ನು ನನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಳು.

"ಡಾಕ್ಟ್ರ ಮಗನೂ ನಿನ್ನ ಶಾಲೆಗೇ ಅಲ್ದಾ ಬರೂದು," ಎಂದಳು. "ನಾಳೆ ನೀನು ಹೇಳಿದ್ದನ್ನ ಮಕ್ಕಳು ನಂಬ್ಬೇಕಲ್ಲ ಮಾರಾಯಾ."